ಆಕಾಶಕ್ಕೆ ಹೋದ ಗಂಟು

ಬಂದರಿನ ಆ ಬಲೆ ಶೆಡ್ಡು ಈಗಿಲ್ಲ. ಆದರೂ ದೊಡ್ಡವಳು ಕಣ್ಣು ಮುಚ್ಚಿದರೆ ಸಾಕು, ತಗಡಿನ ಸೂರಿನಡಿ ಬಲೆ ಒಣಗುವ ಉಪ್ಪು ವಾಸನೆ ಮೂಗಿಗೆ ಬಡಿಯುತ್ತದೆ. ಒಂದು ಕೊನೆಯಲ್ಲಿ ಅಪ್ಪ, ಇನ್ನೊಂದು ಕೊನೆಯಲ್ಲಿ ಅವಳು, ನಡುವೆ ಹರಿದ ಬಲೆ. ಏಳನೇ ಕ್ಲಾಸಿಗೇ ಶಾಲೆ ಬಿಟ್ಟು ಅಪ್ಪನ ಎದುರು ಕೂತವಳು ಅವಳು. ಕಾಲೇಜು ಮೆಟ್ಟಿಲು ಹತ್ತಿದ್ದು ತಂಗಿ ಚಿಕ್ಕವಳು.

ಆ ವಾರ ಮನೆಯಲ್ಲಿ ಒಂದು ಕಾಗದದ ಗಲಾಟೆ ಎದ್ದಿತ್ತು. ಚಿಕ್ಕವಳು ಆರು ವಾರ ಪರದೇಶಕ್ಕೆ ಹೋಗಿ, ಅಲ್ಲಿನ ವಿದ್ಯಾರ್ಥಿಗಳ ಜೊತೆ ಸೇರಿ ಒಂದು ಸಣ್ಣ ಉಪಗ್ರಹ ಜೋಡಿಸಬೇಕು. ಅದಕ್ಕೆ ಅಪ್ಪನ ಸಹಿ ಬೇಕು. ಶುಕ್ರವಾರವೇ ಕೊನೆ ದಿನ.

"ಉಪಗ್ರಹವಂತೆ! ಅದೂ ಕಾಲೇಜು ಮಕ್ಕಳು ಮಾಡೋದಂತೆ!" ಅಪ್ಪ ಬಲೆ ಸೂಜಿ ಎಳೆಯುತ್ತ ಮೂಗು ಮುರಿದ. "ಮೊನ್ನೆ ಫ್ಯಾನ್ ಬಿಚ್ಚಿದ್ಯಲ್ಲ, ಸರಿಯಾಗಿ ಜೋಡಿಸೋಕೆ ಬಂತಾ?"

"ತಿರುಗ್ತಿದೆಯಲ್ಲಪ್ಪ!" ಎಂದಳು ಚಿಕ್ಕವಳು.

"ತಿರುಗುತ್ತೆ. ಗಾಳಿ ಮಾತ್ರ ಸೂರಿಗೆ ಹೊಡೆಯುತ್ತೆ."

ಅಪ್ಪನ ನಿಜವಾದ ಚಿಂತೆ ಬೇರೆ. ಐಸ್ ಫ್ಯಾಕ್ಟರಿ ಆಫೀಸಿನಲ್ಲಿ ಚಿಕ್ಕವಳಿಗೆ ಕೆಲಸ ಕೊಡುತ್ತೇವೆ ಎಂದಿದ್ದರು. ಆರು ವಾರ ಹೋದರೆ ಆ ಕುರ್ಚಿ ಬೇರೆಯವರ ಪಾಲು. ಮೇಲಾಗಿ ಗುರುತಿಲ್ಲದ ಜನ, ಗೊತ್ತಿಲ್ಲದ ಭಾಷೆ. ದೊಡ್ಡವಳಿಗೆ ಇದೆಲ್ಲ ಅರ್ಥವಾಗುತ್ತಿತ್ತು. ಆದರೆ ಅವಳು ತುಟಿ ಪಿಟಕ್ಕೆನ್ನುವವಳಲ್ಲ.

ಬುಧವಾರ ಕಾಲೇಜಿನ ಲ್ಯಾಬ್ ಮೇಡಂ ತಾವೇ ಶೆಡ್ಡಿಗೆ ಬಂದರು. ಬಲೆಗಳನ್ನು ದಾಟಿಕೊಂಡು ಬಂದು, ಅಂಗೈ ಮೇಲೆ ಕೂರುವಷ್ಟು ಚಿಕ್ಕ ಪೆಟ್ಟಿಗೆಯೊಂದನ್ನು ಅಪ್ಪನ ಮುಂದಿಟ್ಟರು.

"ಇದು ಮಾದರಿ ಯಜಮಾನ್ರೇ. ಮೇಲೆ ಹೋಗೋದೂ ಇಷ್ಟೇ ಇರುತ್ತೆ."

"ಇಷ್ಟೇನಾ? ನಮ್ಮ ಸಕ್ಕರೆ ಡಬ್ಬಿ ಇದಕ್ಕಿಂತ ದೊಡ್ಡದು!"

ಮೇಡಂ ನಕ್ಕರು. "ಈ ಡಬ್ಬಿಗೆ ನಾಲ್ಕು ದೇಶ ಸೇರಿವೆ. ಪೆಟ್ಟಿಗೆ ಒಬ್ಬರದ್ದು, ಬಿಸಿಲಿಂದ ಕರೆಂಟ್ ಮಾಡೋ ಹಲಗೆ ಇನ್ನೊಬ್ಬರದ್ದು, ಆಂಟೆನಾ ನಮ್ಮ ಮಕ್ಕಳದ್ದು. ರಾಕೆಟ್ಟಲ್ಲಿ ಜಾಗ ಕೊಡೋದು ನಾಲ್ಕನೆಯವರು. ಖರ್ಚೆಲ್ಲ ಯೋಜನೆಯವರದ್ದೇ."

"ಒಬ್ಬರೇ ಮಾಡೋಕಾಗಲ್ವಾ?"

"ನಾವಿನ್ನೂ ಕಲಿಯೋರು, ಗೊತ್ತಿದ್ದೋರ ಜೊತೆ ಸೇರಿದ್ರೇ ಕಲಿಯೋದು. ಇನ್ನೊಂದು ಏನು ಗೊತ್ತಾ? ಇದು ಭೂಮಿ ಸುತ್ತುತ್ತಲೇ ಇರುತ್ತೆ. ನಮ್ಮ ತಲೆ ಮೇಲೆ ಒಂದು ಸಲಕ್ಕೆ ಹತ್ತು ನಿಮಿಷ ಇದ್ರೆ ಹೆಚ್ಚು. ಆಮೇಲೆ ಬೇರೆ ಊರೋರು ಅದರ ಮಾತಿಗೆ ಕಿವಿ ಕೊಡಬೇಕಲ್ಲ?"

"ಮಾಡೋದಾದ್ರೂ ಏನು ಇದು?"

"ಕಡಲಿನ ಚಿತ್ರ ತೆಗೆದು ಕಳಿಸುತ್ತೆ. ಅದಕ್ಕಿಂತ ಹೆಚ್ಚಾಗಿ, ಮಾಡಿದ ಮಕ್ಕಳ ಕೈಗೆ ಕೆಲಸ ಹತ್ತುತ್ತೆ. ನಾಳೆ ದೊಡ್ಡ ಉಪಗ್ರಹ ಮಾಡೋರು ಇವರೇ."

ಮೇಡಂ ಜೊತೆ ಬಂದಿದ್ದ ಚಿಕ್ಕವಳು ಆಂಟೆನಾ ತೋರಿಸಿದಳು. ಬಡಗಿಯ ಅಳತೆ ಟೇಪಿನಂಥದ್ದೇ ಉಕ್ಕಿನ ಪಟ್ಟಿ. ಅದನ್ನು ಮಡಚಿ ನೈಲಾನ್ ದಾರದಲ್ಲಿ ಬಿಗಿದಿದ್ದಳು. ಮೇಲೆ ಹೋದ ಮೇಲೆ ಒಂದು ತಂತಿ ಕಾದು ದಾರ ಸುಟ್ಟು ಕರಗುತ್ತದೆ, ಪಟ್ಟಿ ಬಿಚ್ಚಿಕೊಳ್ಳುತ್ತದೆ.

"ಆದ್ರೆ ಕುಲುಕಿ ನೋಡೋ ಯಂತ್ರದಲ್ಲೇ ಗಂಟು ಜಾರುತ್ತಿದೆಯಪ್ಪ. ಹೀಗೇ ಆದ್ರೆ ರಾಕೆಟ್ಟಿಗೆ ಹತ್ತಿಸಲ್ಲ," ಎಂದು ಪೆಟ್ಟಿಗೆಯನ್ನು ಒಮ್ಮೆ ಅಲುಗಾಡಿಸಿದಳು. ಪಟ್ಟಿ ಟಪ್ಪನೆ ಸಿಡಿದು ಅಪ್ಪನ ಟೀ ಲೋಟವನ್ನು ಉರುಳಿಸಿತು.

"ಯಾರು ಹಾಕಿದ್ದು ಈ ಗಂಟು?"

"ನಾನೇ."

"ಬಲೆಯವನ ಮಗಳು ಅಂತ ಹೊರಗೆ ಬಾಯಿ ಬಿಡಬೇಡ! ಕೊಡಿಲ್ಲಿ."

ಅಪ್ಪ ದಾರ ಸುತ್ತಿ, ದಿನವೂ ಮಾಡುವಂತೆ ನಾಲಿಗೆಯಲ್ಲಿ ಒದ್ದೆ ಮಾಡಿ ಎಳೆದ. ಮೇಡಂ ಚೀರಿಯೇಬಿಟ್ಟರು. "ಅಯ್ಯೋ, ಎಂಜಲು! ಯಜಮಾನ್ರೇ, ಇದನ್ನ ಜೋಡಿಸೋ ಕೋಣೆಯೊಳಗೆ ಒಂದು ಕೂದಲನ್ನೂ ಬಿಡಲ್ಲ!"

ಅಪ್ಪ ಪೆಚ್ಚಾದ. ಒಣ ದಾರದಲ್ಲಿ ಎರಡು ಸಲ ಯತ್ನಿಸಿದ. ಎರಡು ಸಲವೂ ಜಾರಿತು. ನಲವತ್ತು ವರ್ಷದಲ್ಲಿ ನಾಲಿಗೆ ತಾಗಿಸದೆ ಗಂಟು ಹಾಕಿದವನಲ್ಲ ಅವನು.

ದೊಡ್ಡವಳು ಕೈ ಚಾಚಿ ದಾರ ತೆಗೆದುಕೊಂಡಳು. ತಲೆ ಎತ್ತದೆ, ಮೊದಲ ಮಡಿಕೆಯಲ್ಲೇ ಮೂರು ಸುತ್ತು ಹಾಕಿ, ನಿಧಾನವಾಗಿ ಎಳೆದಳು. ಮೇಡಂ ಪೆಟ್ಟಿಗೆಯನ್ನು ಕುಲುಕಿದರು, ನೆಲಕ್ಕೆ ಕುಟ್ಟಿದರು. ಗಂಟು ಕದಲಲಿಲ್ಲ.

"ಅದು ಆ ಮುದುಕನ ಗಂಟು. ಇವಳಿಗೆ ನಾನೇ ಕಲಿಸಿದ್ದು, ನಾನು ಮಾತ್ರ ಒಂದೇ ಸುತ್ತಿಗೆ ಎಂಜಲು ಹಚ್ಚಿ ಸಾಗಿಸ್ತಿದ್ದೆ," ಎಂದ ಅಪ್ಪ ಮೆಲ್ಲಗೆ.

"ಯಾವ ಮುದುಕ?" ಮೇಡಂ ಕೇಳಿದರು.

ಅಪ್ಪನ ದನಿ ಬದಲಾಯಿತು. ನೈಲಾನ್ ಹೊಸದಾಗಿ ಬಂದ ಕಾಲ. ಹತ್ತಿ ದಾರದ ಗಂಟು ಅದರಲ್ಲಿ ನಿಲ್ಲದೆ ಮೀನೆಲ್ಲ ಪಾರಾಗುತ್ತಿದ್ದವು. ಇಪ್ಪತ್ತರ ಅಪ್ಪ ಹಡಗು ಹತ್ತಿ ಪರದೇಶದ ಬಂದರಿನಲ್ಲಿ ನಾಲ್ಕು ತಿಂಗಳು ಕೂಲಿಗಿದ್ದ. ಅಲ್ಲೊಬ್ಬ ಮುದುಕ, ಒಬ್ಬರ ಮಾತು ಒಬ್ಬರಿಗೆ ತಿಳಿಯದು, ಬೆರಳು ಹಿಡಿದು ಹಿಡಿದು ಕಲಿಸಿದ್ದ. "ತಪ್ಪಿದ್ರೆ ಬೆರಳ ಗಿಣ್ಣಿಗೆ ಸೂಜಿಯಲ್ಲಿ ಹೊಡೀತಿದ್ದ, ಸರಿ ಹಾಕಿದ್ರೆ ತನ್ನ ರೊಟ್ಟಿ ಮುರಿದು ಕೊಡ್ತಿದ್ದ," ಎಂದು ಅಪ್ಪ ನಕ್ಕ. ಆ ನಗುವಿನಲ್ಲಿ ಇಪ್ಪತ್ತರ ಹುಡುಗನೊಬ್ಬ ಇಣುಕಿ ಹೋದದ್ದನ್ನು ದೊಡ್ಡವಳು ನೋಡಿದಳು.

"ಹಾಗಾದ್ರೆ ಪರದೇಶದಲ್ಲಿ ಜೋಡಿಸೋ ಮಕ್ಕಳಿಗೆ ಈ ಗಂಟನ್ನ ಫೋನಲ್ಲೇ ಹೇಳಿಕೊಡಬಹುದಾ?" ಎಂದರು ಮೇಡಂ.

"ಫೋನಲ್ಲಿ ಗಂಟು ಬರುತ್ತಾ ಮೇಡಂ? ಎದುರಿಗೆ ಕೂತು, ಬೆರಳು ಹಿಡಿದು..." ಅಪ್ಪ ತನ್ನ ಬೆರಳನ್ನೇ ನೋಡಿಕೊಂಡ.

ಆಗ ದೊಡ್ಡವಳು ಬಾಯಿ ಬಿಟ್ಟಳು. "ಆವತ್ತು ನಿನ್ನಪ್ಪ ನಿನ್ನ ಕಳಿಸದೇ ಇದ್ದಿದ್ರೆ ಅಪ್ಪ?"

ಅಪ್ಪ ತೊಡೆ ಮೇಲಿದ್ದ ಬಲೆಯನ್ನು ಬದಿಗೆ ಸರಿಸಿದ. ಆಮೇಲೆ ಪಂಚೆಗೆ ಕೈ ಒರೆಸಿಕೊಂಡ.

"ಎಲ್ಲಿ ಆ ಕಾಗದ? ಐಸ್ ಫ್ಯಾಕ್ಟರಿಯವರಿಗೆ ನಾನೇ ಹೇಳ್ತೀನಿ. ಏ ದೊಡ್ಡೋಳೆ, ಇವಳು ಹೊರಡೋದರೊಳಗೆ ಕಣ್ಣು ಮುಚ್ಚಿ ಗಂಟು ಹಾಕಬೇಕು. ತಪ್ಪಿದ್ರೆ ಗಿಣ್ಣಿಗೆ ಹೊಡಿ!"

ಚಿಕ್ಕವಳು ಹೋಗಿ ಜೋಡಿಸಿ ಬಂದ ಪೆಟ್ಟಿಗೆ ಕೆಲವು ತಿಂಗಳ ಮೇಲೆ ರಾಕೆಟ್ಟಿನಲ್ಲಿ ಮೇಲೆ ಹೋಯಿತು. ಎರಡು ದಿನ ಸದ್ದಿಲ್ಲ. ಮೂರನೆಯ ದಿನ ಬೆಳಿಗ್ಗೆ, ಸಾವಿರಾರು ಮೈಲಿ ದೂರದ ಕಾಲೇಜಿನ ಹುಡುಗಿಯೊಬ್ಬಳು ಚಿಕ್ಕವಳಿಗೆ ಫೋನ್ ಮಾಡಿದಳು: ಕೇಳಿಸಿತು, ಆಂಟೆನಾ ಬಿಚ್ಚಿಕೊಂಡಿದೆ! ಇಡೀ ಬಂದರಿಗೆ ಸುದ್ದಿ ಹಂಚಿ ಬಂದ ಅಪ್ಪ ಗೊಣಗಿದ, "ಸುಟ್ಟು ಹೋಗಲಿ ಅಂತ ನಮ್ಮ ಮನೇಲಿ ಹಾಕಿದ ಗಂಟು ಇದೊಂದೇ." ಚಿಕ್ಕವಳು ಈಗ ಬೇರೆ ಬೇರೆ ದೇಶದ ಮಕ್ಕಳಿಗೆ ಉಪಗ್ರಹ ಜೋಡಿಸಲು ಕಲಿಸುತ್ತಾಳೆ. ಗಂಟಿನ ಪಾಠದ ದಿನ ಅಕ್ಕನನ್ನು ಕರೆಸಿಕೊಳ್ಳುತ್ತಾಳೆ.

ಅಪ್ಪಂದಿರೇ, ಅಮ್ಮಂದಿರೇ, ನಿಮ್ಮ ಮಗಳೋ ಮಗನೋ ಇಂಥ ಕಾಗದ ಹಿಡಿದು ಬಂದರೆ ಮೊದಲು ಕೇಳಿ: ಯಾರ ಜೊತೆ, ಎಷ್ಟು ದಿನ, ಖರ್ಚು ಯಾರದ್ದು, ಕಲಿಯುವುದೇನು? ಕಾಲೇಜಿಗೆ ಹೋಗಿ ಮೇಷ್ಟ್ರನ್ನು ವಿಚಾರಿಸಿ, ಆ ಪೆಟ್ಟಿಗೆಯನ್ನು ಕೈಯಲ್ಲಿ ಹಿಡಿದು ನೋಡಿ. ಸರಿ ಕಂಡರೆ ತಡ ಮಾಡಬೇಡಿ, ಕಳಿಸಿಕೊಡಿ. ನೀವು ಹೆಚ್ಚು ಓದಿಲ್ಲವೆಂದು ಹಿಂದೆ ಸರಿಯಲೂ ಬೇಡಿ. ಮಕ್ಕಳ ಪಕ್ಕ ಕೂತು, ಏನು ಮಾಡುತ್ತಿದ್ದೀರಿ ತೋರಿಸಿ ಎನ್ನಿ. ನಿಮ್ಮ ಕೈಗೆ ಗೊತ್ತಿರುವುದು ಅವರಿಗೆ ಬೇಕಾಗಿರಬಹುದು.