ಬಾಯಾರಿದ ಕಲ್ಲು

ಮಂಜು ಇನ್ನೂ ಎದ್ದಿಲ್ಲ, ಅಮರಗೋಳದ ಈ ಹಿಟ್ಟಿನ ಗಿರಣಿಯ ತಗಡಿನಿಂದ ಹನಿ ತಟಕು ತಟಕು ಬೀಳುತ್ತಿದೆ, ಬಿದ್ದದ್ದು ಕಾಯ್ದ ಕೊಳವೆಯ ಮೇಲೆ ಚುರ್ ಎನ್ನುತ್ತದೆ, ನನ್ನ ಎದೆಯೂ ಚುರ್ ಎನ್ನುತ್ತದೆ — ನೀರು ಒಳಗೆ ಹೋಗಲಿಲ್ಲವಲ್ಲ, ಇಲ್ಲ, ಮುಚ್ಚಳ ಬಿಗಿಯಾಗಿದೆ, ಕಲ್ಲು ಒಣಗಿದೆ, ಶಿವನೇ, ಒಣಗಿಯೇ ಇರಲಿ. ಇಸವಿ ಎರಡು ಸಾವಿರಕ್ಕೆ ಹೊರಳುತ್ತಿದೆ ಎಂದು ಹುಬ್ಬಳ್ಳಿಯ ಅಂಗಡಿಗಳೆಲ್ಲ ಹೊಸ ಕ್ಯಾಲೆಂಡರ್ ತೂಗುಹಾಕಿವೆ, ನನಗೆ ಈ ಬೆಳಗು ದಾಟಿದರೆ ಸಾಕು. ಒಲೆಯಲ್ಲಿ ಹತ್ತಿಕಟ್ಟಿಗೆ ಗಾಳಿ ಸಾಲದೆ ಅರೆ ಉಸಿರಿನಲ್ಲಿ ಉರಿಯುತ್ತಿದೆ, ಹಾಗೆ ಉರಿದರೇ ಗಿರಣಿಯ ಎಂಜಿನ್ನು ಓಡಿಸುವ ಗ್ಯಾಸು, ಗ್ಯಾಸಿನ ಬೆನ್ನಿಗೇ ಕರಿ ಡಾಂಬರು, ಒಳ್ಳೆಯ ಸುದ್ದಿಯ ಬೆನ್ನಿಗೆ ಬರುವ ಚಾಡಿಯ ಹಾಗೆ. ನಡುವೆ ಸುಟ್ಟ ಡೋಲೋಮೈಟ್ ಕಲ್ಲು ಕೆಂಡದಂತೆ ಕುಳಿತು, ಮೈಮೇಲೆ ಹಾಯುವ ಡಾಂಬರನ್ನು ಒಡೆದು, ಅದನ್ನೂ ಗ್ಯಾಸೇ ಮಾಡಿ ಕಳಿಸಬೇಕು, ತಾನು ಮಾತ್ರ ಕರಗಬಾರದು. ಧಾರವಾಡದ ಕಾಲೇಜಿನಲ್ಲಿ ವೇಗವರ್ಧಕ ಎಂದು ಹಲಗೆಯ ಮೇಲೆ ಬರೆಯುತ್ತೇನೆ, ಬರೆಯುವಾಗ ಕಾಣುವುದು ನಮ್ಮೂರ ಮಠದ ಬಾಗಿಲಲ್ಲಿ ಕೂತಿರುತ್ತಿದ್ದ ಅಜ್ಜ, ಯಾರಿಗೂ ಏನೂ ಬೋಧಿಸದವರು, ಅವರನ್ನು ದಾಟಿದವರು ಮಾತ್ರ ಜಗಳ ಮರೆತು ಒಳಗೆ ಹೋಗುತ್ತಿದ್ದರು.

ಹೋದ ಸಲ ಸುಣ್ಣದ ಭಟ್ಟಿಯ ಬೀರವ್ವನಿಗೆ ಈ ಕಲ್ಲು ಸುಡಲು ಕೊಟ್ಟಾಗ, ಡೋಲೋಮೈಟ್ ಅಂದರೆ ತಿಳಿಯದೆಂದು, ಸುಣ್ಣದ ಕಲ್ಲೇ ಎಂದುಬಿಟ್ಟೆ, ಆ ಒಂದು ಮಾತೇ ಕೆಡಿಸಿತು — ಹೊಗಿ ತೊಳ್ಯಾಕ ಸುಣ್ಣ ಏನ್ರಿ ಸರ, ಗ್ವಾಡಿಗಿ ಹಚ್ಚೂದು ಬಿಟ್ಟು, ಎಂದು ನಕ್ಕಳು, ಸುಟ್ಟಳು, ಬುಟ್ಟಿಗೆ ತುಂಬುವ ಮುಂಚೆ ಅವರ ಮನೆತನದ ಪದ್ಧತಿಯಂತೆ ಒಂದು ತಂಬಿಗೆ ನೀರೂ ಚಿಮುಕಿಸಿದಳು, ಬೆಂಕಿಯಿಂದ ಬಂದದ್ದು ಬಾಯಾರಿರುತ್ತದೆ, ಬಾಯಾರಿದವರನ್ನು ಹಾಗೇ ಹೊಸ್ತಿಲು ದಾಟಿಸುತ್ತಾರೆಯೇ. ನೀರುಂಡ ಕಲ್ಲು ಕೊಳವೆಯೊಳಗೆ ಸಿಡಿದು ಪುಡಿಯಾಯಿತು, ದಾರಿ ಕಟ್ಟಿತು, ಸಂದಿಯಲ್ಲಿ ನುಸುಳಿದ ಡಾಂಬರು ಎಂಜಿನ್ನಿನ ವಾಲ್ವಿಗೆ ಅಂಟಿತು, ಎಂಜಿನ್ನು ಕೆಮ್ಮಿ ಕೆಮ್ಮಿ ನಿಂತಾಗ ಬೀಸುಕಲ್ಲಿನಲ್ಲಿದ್ದದ್ದು ಬೀರವ್ವನದೇ ಜೋಳ, ಅರ್ಧ ಹಿಟ್ಟು, ಅರ್ಧ ಕಾಳು. ಗಿರಣಿಯ ಉಸ್ಮಾನಸಾಬ ಆ ಕರಿ ವಾಲ್ವನ್ನು ಅಂಗೈಯಲ್ಲಿಟ್ಟುಕೊಂಡು ನಿಂತಿದ್ದ, ದನಿ ಏರಿಸಲಿಲ್ಲ, ಇನ್ನೊಮ್ಮಿ ನೋಡೂಣ್ರಿ ಕಲ್ಲೇಶ ಸರ, ಮತ್ತ ಹಿಂಗಾತಂದ್ರ ನಿಮ್ಮ ಸಾಮಾನ ಎತ್ತಿಕೊಂಡು ಹೋಗ್ರಿ, ಈ ಎಂಜಿನ್ ನಮ್ಮ ಮನಿ ಒಲಿ ಹಚ್ಚತೈತಿ. ಖರೆ. ಎತ್ತಿಕೊಂಡು ಹೋದರೆ ಮತ್ತೆ ಯಾವ ಗಿರಣಿಯವರೂ ಈ ಗ್ಯಾಸನ್ನು ಎಂಜಿನ್ನಿನ ಹತ್ತಿರ ಬಿಡುವುದಿಲ್ಲ, ಇಷ್ಟು ವರ್ಷದ ಕೆಲಸ ತಗಡಾಗುತ್ತದೆ. ಈ ಸಲ ಬೀರವ್ವನ ಭಟ್ಟಿಯ ಮುಂದೆ ಕೂತು ಹೇಳಿದೆ, ನೀರು ಬ್ಯಾಡ. ಉಪವಾಸ ಕಳಸಬೇಕೇನ್ರಿ ಹಂಗಾರ, ಎಂದು ಅವಳ ಮುಖ ಸಣ್ಣದಾಯಿತು. ಹೂಂ ಬೀರವ್ವ, ಇದು ವ್ರತ ಹಿಡದ ಕಲ್ಲು. ಹಂಗಂತ ಮದಲ ಹೇಳೂದಲ್ಲೇನ್ರಿ, ವ್ರತಾ ನಾ ಮುರೀತಿದ್ನೇನು — ಡಬ್ಬಿಯಲ್ಲಿ ಬಿಗಿದು ತಾನೇ ಹೊತ್ತು ತಂದಳು, ಈಗ ಸೆರಗು ಹೊದ್ದು ಮೂಲೆಯಲ್ಲಿ ನಿಂತಿದ್ದಾಳೆ.

ಗರಗದ ಬಿಳಿ ಖಾದಿಯ ತುಂಡನ್ನು ಗ್ಯಾಸಿಗೆ ಹಿಡಿಯುತ್ತೇನೆ, ಡಾಂಬರಿನ ಕರಿ ಚುಕ್ಕಿ ಹುಡುಕುತ್ತೇನೆ, ಮಡಿಸಿ ಮತ್ತೆ ಹಿಡಿಯುತ್ತೇನೆ, ಚುಕ್ಕಿ ಇಲ್ಲ, ಕಣ್ಣೇ ಸರಿಯಿಲ್ಲವೇನೋ — ಉಸ್ಮಾನಸಾಬ ಬಿಸ್ಮಿಲ್ಲಾ ಎಂದು ಹ್ಯಾಂಡಲ್ ತಿರುವಿದ, ನಾನು ಶಿವ ಎಂದೆ, ಎಂಜಿನ್ನು ಎರಡನ್ನೂ ಕೇಳಿಸಿಕೊಂಡಂತೆ ಎದ್ದಿತು, ಈಗ ಕೆಮ್ಮುತ್ತದೆ, ಈಗ, ತಗಡಿನ ಮೇಲಿನ ಮಂಜು ಹರಿಯಿತು, ಬಿಸಿಲು ಒಳಗೆ ಬಂತು, ಬಿಸಿಲಿನಲ್ಲಿಯೂ ಕರಿ ಚುಕ್ಕಿ ಹುಡುಕುತ್ತಿದ್ದೇನೆ, ಕೆಮ್ಮಲಿಲ್ಲ, ಇನ್ನೂ ಇಲ್ಲ, ಒಂದೇ ಉಸಿರಿನಲ್ಲಿ ಓಡುತ್ತಿದೆ, ಬೆಲ್ಟು ಹಾಡುತ್ತಿದೆ. ಉಸ್ಮಾನಸಾಬ ನನ್ನತ್ತ ನೋಡಲಿಲ್ಲ, ಒಳಗೆ ಹೋಗಿ ಅಂದು ಅರ್ಧಕ್ಕೇ ಉಳಿದಿದ್ದ ಬೀರವ್ವನ ಜೋಳ ತಂದು ಬೀಸುಕಲ್ಲಿಗೆ ಸುರಿದ, ಬೀಸಿದ್ದನ್ನೆಲ್ಲ ಬುಟ್ಟಿಗೆ ಒಟ್ಟಿದ, ಅವಳ ಮುಂದೆ ಹಿಡಿದ. ಅವಳು ಒಂದು ಚಿಟಿಕೆ ಎತ್ತಿ ಅಂಗೈ ಮೇಲೆ ಉಜ್ಜಿದಳು, ಬೆಚ್ಚಗಿನ ಹಿಟ್ಟು, ಎಲ್ಲಿಯೂ ಚುಕ್ಕಿ ಇಲ್ಲ, ಬಿಳಿ, ಅಂಗೈ ತುಂಬ ಬಿಳಿ —