ಕಿಟಕಿಯೊಳಗಿನ ಕಂಪ್ಯೂಟರು

ಮೈದುನ ಕಂಪ್ಯೂಟರಿನ ಮುಂದೆ ಕೂತೊಡನೆ ಅತ್ತಿಗೆ ತನ್ನ ಸ್ಟೂಲನ್ನು ಅವನ ಮಗ್ಗುಲಿಗೇ ಎಳೆದುಕೊಂಡಳು. ಅವನ ಬೆರಳು ಹೋದಲ್ಲೆಲ್ಲ ಅವಳ ಕಣ್ಣು ಹೋಗುತ್ತಿತ್ತು. ಹೋಗದೆ ಏನು ಮಾಡೀತು? ಹೋದ ವರ್ಷ ಇದೇ ಮಹಾನುಭಾವ ಅವಳ ಫೋನನ್ನು "ಸ್ವಲ್ಪ ಹಗುರ ಮಾಡ್ಕೊಡ್ತೀನಿ" ಎಂದು ಕೈಗೆತ್ತಿಕೊಂಡು, ಮಗಳು ಅಂಬೆಗಾಲಿಟ್ಟ ದಿನಗಳ ಚಿತ್ರಗಳನ್ನೆಲ್ಲ ಗಾಳಿಗೆ ತೂರಿದ್ದ.

ಈ ಸಲ ಇದ್ದದ್ದು ಅವಳ ಅನ್ನದ ಮಾತು. ಹತ್ತೊಂಬತ್ತು ವರ್ಷ ಕೂತು ಬಿಡಿಸಿದ ಕಸೂತಿಯ ಮಾದರಿಗಳು, ಶಾಲೆಗಳ ಲಾಂಛನಗಳು, ದಿಂಬಿನಂಚಿನ ಬಳ್ಳಿಗಳು, ಎಲ್ಲವೂ ಅಂಗೈಯಗಲದ ಒಂದು ಡಿಸ್ಕಿನಲ್ಲಿದ್ದವು. ಅವನ್ನು ಕಸೂತಿ ಯಂತ್ರಕ್ಕೆ ಕಳಿಸುವ ಹಳೆಯ ಸಾಫ್ಟ್‌ವೇರನ್ನು ಹೊಸ ಕಂಪ್ಯೂಟರು ಹೊಸ್ತಿಲೊಳಗೇ ಬಿಟ್ಟುಕೊಂಡಿರಲಿಲ್ಲ.

"ಅದಕ್ಕೇ ಅತ್ತಿಗೆ, ಈ ಕಂಪ್ಯೂಟರೊಳಗೇ ಇನ್ನೊಂದು ಕಂಪ್ಯೂಟರ್ ಮಾಡ್ತೀನಿ. ವರ್ಚುವಲ್ ಮಷೀನ್ ಅಂತಾರೆ. ಅದರಲ್ಲಿ ಹಳೇ ಆಪರೇಟಿಂಗ್ ಸಿಸ್ಟಮ್ ಹಾಕಿದ್ರೆ, ನಿಮ್ಮ ಸಾಫ್ಟ್‌ವೇರ್‌ಗೆ ತನ್ನ ಮನೇಲೇ ಇದ್ದೀನಿ ಅನ್ಸುತ್ತೆ."

"ಆ ಇನ್ನೊಂದು ಎಲ್ಲಿದೆ?"

"ಎಲ್ಲೂ ಇಲ್ಲ. ಇದೆ ಅಂತ ನಂಬಿಸೋದು."

"ನಂಬಿಸೋದ್ರಲ್ಲಿ ನಿನ್ನನ್ನ ಮೀರಿಸೋರಿಲ್ಲ ಬಿಡು."

ಅವನು ನಕ್ಕ. ಅವಳು ನಗಲಿಲ್ಲ.

ಕಸೂತಿ ಯಂತ್ರ ಶುರುವಾಗುವ ಮುನ್ನ ಒಬ್ಬರು ದಾರದ ಸಂಖ್ಯೆಗಳನ್ನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬರು ಒಂದೊಂದು ಉಂಡೆಯನ್ನೂ ಮುಟ್ಟಿ ಹೂಂಗುಟ್ಟಬೇಕು. ಅದು ಅವಳ ಕಸೂತಿ ಕೋಣೆಯ ಕಟ್ಟಳೆ. ಅದನ್ನೇ ಅವಳು ಇವನ ಮೇಲೂ ಹೇರಿದಳು: ಪರದೆಯ ಮೇಲಿನದನ್ನು ಓದದೆ ಏನನ್ನೂ ಒತ್ತುವಂತಿಲ್ಲ.

"ಮೆಮೊರಿ ನಾಲ್ಕು ಜಿಬಿ."

"ಹೂಂ."

"ಒಳಗಿನ ಕಂಪ್ಯೂಟರ್‌ಗೆ ಹೊಸ ಡಿಸ್ಕು, ನಲವತ್ತು ಜಿಬಿ."

"ಹೂಂ."

ಪರದೆಯ ನಡುವೆ ಸಣ್ಣ ಕಿಟಕಿಯೊಂದು ತೆರೆದು ನೀಲಿಯಾಯಿತು. ಭಾಷೆ, ಕೀಲಿಮಣೆ, ಉದ್ದುದ್ದ ಷರತ್ತುಗಳು. ಓದುತ್ತ ಓದುತ್ತ ಅವನ ದನಿಗೆ ಬೇಸರ ಹಿಡಿದು ಸಾಲುಗಳು ಅರ್ಧಕ್ಕೇ ಮುರಿಯತೊಡಗಿದವು.

"ಡಿಸ್ಕಲ್ಲಿರೋದೆಲ್ಲ ಅಳಿಸಿಹೋಗುತ್ತೆ, ಮುಂದುವರೀಲಾ..." ಬೆರಳು ಎಂಟರ್ ಕೀಲಿಯ ಮೇಲಿತ್ತು.

"ತಡಿ. ಅಳಿಸೋದು ಯಾವುದನ್ನ?"

"ಆ ಇಲ್ಲದಿರೋ ಡಿಸ್ಕನ್ನ. ಅದರಲ್ಲೇನಿದೆ ಮಣ್ಣು?"

"ಮೇಲಿನ ಸಾಲಲ್ಲಿ ಏನೋ ಅಂಕಿ ಇದೆ. ನುಂಗಿಬಿಟ್ಟೆ ನೀನು. ಓದು."

"ಮುನ್ನೂರ ಇಪ್ಪತ್ತು..."

ದನಿ ಅಲ್ಲೇ ನಿಂತಿತು.

ಮುನ್ನೂರ ಇಪ್ಪತ್ತು ಜಿಬಿಯದು ಅವಳ ಡಿಸ್ಕು. ಅವಳು ಯಂತ್ರಕ್ಕೆ ಎಣ್ಣೆ ಬಿಡುತ್ತಿದ್ದಾಗ, ಕೆಲಸ ಮುಗಿದೊಡನೆ ಮಾದರಿಗಳು ಕಾಣಲೆಂಬ ಹುರುಪಿನಲ್ಲಿ ಅವನು ಅದನ್ನು ಮೊದಲೇ ಒಳಗಿನ ಕಂಪ್ಯೂಟರಿಗೆ ಜೋಡಿಸಿಟ್ಟಿದ್ದ. ಹಳೇ ಸಿಸ್ಟಮ್ ಯಾವ ಡಿಸ್ಕಿಗೆ ಎಂದು ಕೇಳಿದ ಪಟ್ಟಿಯಲ್ಲಿ ಅದೇ ಮೊದಲು ಬಂದಿತ್ತು. ನೋಡದೆ ಅದನ್ನೇ ಆರಿಸಿದ್ದ.

"ಹೋಯ್ತಾ?"

"ಇಲ್ಲ. ಒತ್ತಿಲ್ಲ." ಅವನು ಎರಡೂ ಕೈಗಳನ್ನು ಕೀಲಿಮಣೆಯಿಂದ ಮೇಲೆತ್ತಿದ. ಆಮೇಲೆ ಮೆಲ್ಲನೆ ಆ ಕಿಟಕಿಯನ್ನು ಮುಚ್ಚಿದ. ಡಿಸ್ಕಿನ ತಂತಿಯನ್ನು ಅವಳೇ ಕಿತ್ತಳು.

"ಬೇಕಂತ ಮಾಡಿದ್ದಲ್ಲ ಅತ್ತಿಗೆ."

"ಬೇಕಂತ ಮಾಡೋನಾಗಿದ್ರೆ ಬಾಗಿಲಲ್ಲೇ ತಡೀತಿದ್ದೆ. ನಿನ್ನಂಥೋರನ್ನ ಕಾಯೋದೇ ಕಷ್ಟ."

ಅವನು ತಲೆ ತಗ್ಗಿಸಿದ. ಆಮೇಲೆ ಕೇಳಿದ, "ಇದರ ನಕಲು ಬೇರೆ ಕಡೆ ಇದೆ ತಾನೆ?"

ಅವಳು ತಂತಿಯನ್ನು ಡಿಸ್ಕಿಗೆ ಸುತ್ತತೊಡಗಿದಳು.

"ಹತ್ತೊಂಬತ್ತು ವರ್ಷದಲ್ಲಿ ಒಂದೂ ಇಲ್ವಾ?"

"ನಕಲು ಮಾಡು ಅಂತ ಯಾರ ಕೈಗೆ ಕೊಡ್ಲಿ?"

ಅವನು ಅವಳ ಮುಖ ನೋಡಿದ. ಅವಳು ಯಂತ್ರದ ಕಡೆ ನೋಡಿದಳು. ಇನ್ನೂ ಬೆಚ್ಚಗಿದ್ದ ಡಿಸ್ಕು ಅವಳ ಮುಷ್ಟಿಯಲ್ಲಿತ್ತು.

"ಹೋಗು," ಎಂದಳು ಕೊನೆಗೆ. "ಇಂಥದ್ದೇ ಇನ್ನೊಂದು ಕೊಂಡ್ಕೊಂಡು ಬಾ. ನಕಲು ನೀನೇ ಮಾಡು. ನಾನು ಪಕ್ಕದಲ್ಲೇ ಇರ್ತೀನಿ."