ತವರು ಸಿರಿಯ ಬಾಗಿನ

ಟೀವಿಯಲ್ಲಿ ಅಳುವವರನ್ನು ಕಂಡರೆ ನನಗೆ ಆಗುವುದಿಲ್ಲ. ಹಾಡಿನ ಸ್ಪರ್ಧೆ ಅನ್ನುತ್ತಾರೆ. ಹುಡುಗಿ ಎರಡು ಸಾಲು ಹಾಡುವಷ್ಟರಲ್ಲಿ ಅವಳ ಅಪ್ಪನ ಆಟೋ, ಅವ್ವನ ಹೊಲಿಗೆ ಮಿಷನ್ನು, ಸೋರುವ ಸೂರು ಎಲ್ಲ ತೋರಿಸಿ ಜಡ್ಜುಗಳ ಕೈಗೆ ಕರ್ಚೀಫು ಕೊಡುತ್ತಾರೆ. ಹಾಡು ಹೇಗಿತ್ತು ಅಂತ ಒಬ್ಬನೂ ಹೇಳುವುದಿಲ್ಲ. ಹನ್ನೊಂದು ವರ್ಷದ ಹಿಂದೆ ಇದನ್ನೇ ಒಂದು ಕಾರ್ಡಿನಲ್ಲಿ ಬರೆದು ತಿ. ನರಸೀಪುರದ ಚಕ್ರಪಾಣಿ ಮೇಷ್ಟ್ರಿಗೆ ಹಾಕಿದ್ದೆ. ರಿಟೈರಾದ ಮೇಲೆ ಅವರು ಅಲ್ಲಿಂದ ಒಂದು ವಾರಪತ್ರಿಕೆ ತರುತ್ತಿದ್ದರು. ಕಾರ್ಡನ್ನು ಇದ್ದ ಹಾಗೇ ಅಚ್ಚು ಹಾಕಿ, ಮುಂದಿನ ವಾರ ಫೋನ್ ಮಾಡಿದರು.

"ಸಿದ್ದಮಲ್ಲಪ್ಪನವರೇ, ನಿಮ್ಮ ಭಾಷೆ ಸ್ವಲ್ಪ ಒರಟು. ಆದರೆ ಜನ ಕೇಳ್ತಿದಾರೆ. ವಾರಕ್ಕೊಂದು ಬರೀತೀರಾ?"

"ನಾನು ಓದಿರೋದು ನಮ್ಮೂರ ಸ್ಕೂಲಲ್ಲಿ ಏಳ್ನೇ ಕ್ಲಾಸು ಸಾ."

"ಟೀವಿ ನೋಡೋಕೆ ಅಷ್ಟೇ ಜಾಸ್ತಿ ಬಿಡಿ," ಅಂದರು.

ಹಾಗೆ ಶುರುವಾಯಿತು. ತಾಂಡ್ಯದ ಫ್ಯಾಕ್ಟರಿಯಲ್ಲಿ ಪ್ಯಾಕಿಂಗ್ ಕೆಲಸ ಮುಗಿಸಿ ನಂಜನಗೂಡಿನ ಮನೆಗೆ ಬಂದು ಕೈಕಾಲು ತೊಳೆದರೆ ಟೀವಿ ಮುಂದೆ. ಹೊಸ ಗೇಮ್ ಶೋ ಯಾವುದು ಬಂದರೂ ಮೊದಲ ವಾರವೇ ಅದರ ಚರ್ಮ ಸುಲಿಯುತ್ತಿದ್ದೆ. ಜಿರಳೆ ತಿನ್ನಿಸುವವರಿಗೆ ಬೈದೆ. ಒಂದೇ ಮನೆಯಲ್ಲಿ ಕೂಡಿಹಾಕಿ ಜಗಳ ಹಚ್ಚುವವರಿಗೆ ಬೈದೆ. ಗಂಡ ಹೆಂಡತಿಯನ್ನು ಹೊತ್ತು ಓಡುವ ಆಟಕ್ಕೆ, "ಇದಕ್ಕಿಂತ ಸಂತೆಯಲ್ಲಿ ಮೂಟೆ ಹೊರುವುದು ಮೇಲು, ಕೂಲಿಯಾದರೂ ಸಿಗುತ್ತದೆ" ಅಂತ ಬರೆದೆ. ಬಸ್‌ಸ್ಟ್ಯಾಂಡಿನ ಅಂಗಡಿಯಲ್ಲಿ ಅದನ್ನು ಗಟ್ಟಿಯಾಗಿ ಓದಿ ನಗುತ್ತಿದ್ದರು. ಮುಖ ನೋಡಿ ಬರೆಯುವವನಲ್ಲ, ಇದ್ದದ್ದು ಇದ್ದ ಹಾಗೆ ಅನ್ನುವವನು ಅಂತ ಹೆಸರು ಬಂತು. ಆ ಹೆಸರು ನನಗೆ ತಲೆಗೆ ಹತ್ತಿತು.

ನಾಲ್ಕು ವರ್ಷದ ಹಿಂದೆ 'ಅಕ್ಕ ಗೆದ್ದಳು' ಅನ್ನುವ ಶೋ ಬಂತು. ಊರೂರಿಗೆ ಹೋಗಿ ಹೆಂಗಸರಿಗೆ ಆಟ ಆಡಿಸಿ ಸಾಮಾನು ಕೊಡುವುದು. ಒಂದು ಸಂಜೆ ನೋಡುತ್ತೇನೆ, ಹದಿನಾರು ಅನ್ನುವ ಊರಿಗೆ ಕೊಟ್ಟ ನನ್ನ ತಂಗಿ ರುದ್ರಮ್ಮ ಟೀವಿಯಲ್ಲಿ ನಿಂತಿದ್ದಾಳೆ. ನಿರೂಪಕ, "ಮೇಡಂ, ನಿಮ್ಮ ಹಸು ಹೇಗೆ ಕೂಗುತ್ತೆ, ಕೂಗಿ ತೋರಿಸಿ" ಅಂದ. ರುದ್ರಿ ಮೂರು ಹಸು ಸಾಕಿದವಳು, ಡೇರಿಗೆ ಹಾಲು ಹಾಕುವವಳು. ಅವಳಿಗೆ ಅದರಲ್ಲಿ ನಾಚಿಕೆ ಏನಿದೆ? ಕತ್ತು ಎತ್ತಿ ಕೂಗಿದಳು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಅವಳೂ ನಕ್ಕಳು. ಒಂದು ಮಿಕ್ಸಿ ಕೊಟ್ಟರು.

ನನಗೆ ಮೈ ಉರಿಯಿತು. ಎದ್ದು ಬರೆಯಲು ಕೂತೆ. "ಹದಿನಾರಿನ ಹೆಂಗಸೊಬ್ಬಳು ಒಂದು ಮಿಕ್ಸಿಗಾಗಿ ದನದ ಹಾಗೆ ಅರಚಿದಳು. ಇವಳಿಗೆ ಅಣ್ಣತಮ್ಮಂದಿರಿದ್ದರೆ ನಾಚಿಕೆಯಿಂದ ಸಾಯಬೇಕು." ಹೆಸರು ಹಾಕಲಿಲ್ಲ. ಅದೇ ದೊಡ್ಡ ಮರ್ಯಾದೆ ಅಂದುಕೊಂಡಿದ್ದೆ. ತಂಗಿಯನ್ನೂ ಬಿಡಲಿಲ್ಲವಲ್ಲ ಅಂತ ಒಳಗೊಳಗೆ ಹೆಮ್ಮೆಯೂ ಇತ್ತು, ಸುಳ್ಳು ಯಾಕೆ ಹೇಳಲಿ.

ಹದಿನಾರಿಗೆ ಆ ಪತ್ರಿಕೆ ಹೋಗುತ್ತದೆ. ಡೇರಿ ಮುಂದೆ ಕ್ಯಾನು ಹಿಡಿದು ನಿಂತರೆ ಹಿಂದಿನಿಂದ ಯಾರಾದರೊಬ್ಬರು "ಅಂಬಾ" ಅನ್ನುತ್ತಿದ್ದರಂತೆ. ಆರು ತಿಂಗಳು ಅವಳು ಡೇರಿಗೆ ಗಂಡನನ್ನೇ ಕಳಿಸಿದಳು.

ಆ ವರ್ಷ ಗೌರಿ ಹಬ್ಬಕ್ಕೆ ನಾನು ಕಳಿಸಿದ ಬಾಗಿನ ಹೋದ ಆಟೋದಲ್ಲೇ ವಾಪಸ್ ಬಂತು. ಜೊತೆಗೆ ಮಾತೂ ಬಂತು. "ಅಣ್ಣತಮ್ಮ ಸಾಯಬೇಕು ಅಂತ ಬರ್ದಿದ್ನಲ್ಲ. ಸತ್ತೋರು ಬಾಗಿನ ಕಳ್ಸಲ್ಲ ಅಂತ ಹೇಳಿ."

ಅಲ್ಲಿಗೆ ನಮ್ಮ ಮಾತು ನಿಂತಿತು. ನಾನೂ ಸಿಟ್ಟಿನವನು, ಹೋಗಲಿಲ್ಲ. ಮೂರು ಗೌರಿ ಹಬ್ಬ ಹೋದವು. ನಮ್ಮವ್ವ ಇದ್ದಿದ್ದರೆ ಕೆನ್ನೆಗೆ ಬಾರಿಸಿ ಕಳಿಸುತ್ತಿದ್ದಳು. ಇರುವುದು ನಾವಿಬ್ಬರೇ. ನಾನು ಹೋಗದಿದ್ದರೆ ಅವಳಿಗೆ ತವರು ಅಂತ ಒಂದು ಬಾಗಿಲಿಲ್ಲ. ಅವಳು ಬರದಿದ್ದರೆ ನನಗೆ "ಅಣ್ಣ" ಅನ್ನುವ ಬಾಯಿಲ್ಲ. ಇದು ತಿಳಿಯುವುದಕ್ಕೆ ನನಗೆ ಅಷ್ಟು ವರ್ಷ ಬೇಕಾಯಿತು.

ಈ ವರ್ಷ ಶ್ರಾವಣದಲ್ಲಿ ಅವಳ ಗಂಡ ಕುಮಾರ ಫೋನ್ ಮಾಡಿದ.

"ಭಾವ, 'ತವರು ಸಿರಿ' ಅಂತ ಒಂದು ಹೊಸ ಶೋ ಅದೆ. ಮಾತು ಬಿಟ್ಟಿರೋ ಅಣ್ಣ ತಂಗೀರ್ನ ಸೇರುಸ್ತಾರೆ. ನಾನೇ ಮೊಬೈಲಲ್ಲಿ ಫಾರಂ ತುಂಬ್ಬುಟ್ಟೆ. ಸೆಲೆಕ್ಟ್ ಆಗದೆ. ಬಂದ್ಬುಡಿ."

"ನನ್ನನ್ನ ಕರೀತಾ ಇದೀಯಾ? ಅಂಥ ಶೋಗೆ?"

"ನಾನು ಕರೀತಿಲ್ಲ ಭಾವ. ಅವ್ಳೇ ಒಪ್ಪವ್ಳೆ. ಊರ್ ಮುಂದೆ ಕಳ್ದಿದ್ದು ಊರ್ ಮುಂದೆನೇ ಬರ್ಲಿ ಅಂತವ್ಳೆ."

ಒಪ್ಪಿದೆ.

ಪೇಟೆಯಲ್ಲಿ ನಾನೇ ನಿಂತು ಜೋಡಿ ಬಿದಿರು ಮೊರ ಆರಿಸಿದೆ. ಹೆಂಡತಿ ಅರಿಶಿನ ಬಳಿದು ಒಣಗಿಸಿದಳು. ಅಕ್ಕಿ, ತೊಗರಿಬೇಳೆ, ಬೆಲ್ಲ, ತೆಂಗಿನಕಾಯಿ, ರವಿಕೆ ಕಣ, ಬಿಚ್ಚೋಲೆ ಕರಿಮಣಿ, ಹಸಿರು ಬಳೆ. ಕೊನೆಗೆ ಹೊಲದ ಅವರೆ ಬೀಜ ಒಂದು ಹಿಡಿ, ಅವ್ವ ಹಾಕುತ್ತಿದ್ದ ಹಾಗೆ. ಮೇಲೆ ಇನ್ನೊಂದು ಮೊರ ಮುಚ್ಚಿ ದಾರ ಕಟ್ಟಿದೆವು. ನಮ್ಮವ್ವ ಒಂದು ಮಾತು ಹೇಳುತ್ತಿದ್ದಳು. ಮಗಳ ಸೆರಗಿಗೆ ಮೊರ ಕೊಟ್ಟ ಮೇಲೆ ತವರಿನ ಕೈ ಮತ್ತೆ ಅದನ್ನು ಮುಟ್ಟಬಾರದು. ಮುಟ್ಟಿ ಹಿಂದಕ್ಕೆ ತಂದರೆ ಋಣ ಹರಿಯಿತು ಅಂತ ಅರ್ಥ. ಇದು ರುದ್ರಿಗೂ ಗೊತ್ತು, ನನಗೂ ಗೊತ್ತು.

ಹದಿನಾರಿನ ಅವಳ ಮನೆ ಮುಂದೆ ಎರಡು ವ್ಯಾನು ನಿಂತಿದ್ದವು. ಪ್ಲಾಸ್ಟಿಕ್ ಕುರ್ಚಿಗಳನ್ನೆಲ್ಲ ಹಿತ್ತಲಿಗೆ ಸಾಗಿಸಿ, ಎಲ್ಲಿಂದಲೋ ತಂದ ಒನಕೆಯನ್ನು ಜಗುಲಿಯ ಗೋಡೆಗೆ ಒರಗಿಸಿದ್ದರು. ರುದ್ರಿ ಹುಟ್ಟಿದ ಮೇಲೆ ನಮ್ಮ ಮನೆಯಲ್ಲಾಗಲಿ ಅವಳ ಮನೆಯಲ್ಲಾಗಲಿ ಒನಕೆ ಹಿಡಿದವರಿಲ್ಲ. ಬೇರೆ ದಿನವಾಗಿದ್ದರೆ ಅದೊಂದಕ್ಕೇ ಅರ್ಧ ಪುಟ ಬರೆಯುತ್ತಿದ್ದೆ. ಊರಿನವರು ಬೇಲಿ ಉದ್ದಕ್ಕೂ ನಿಂತಿದ್ದರು. ಒಬ್ಬಳು ಮುದುಕಿ ಕೇಳಿಯೇ ಬಿಟ್ಟಳು.

"ಏನಪ್ಪಾ ಪೇಪರ್‌ನೋನೆ, ಇವತ್ತು ಯಾರ್ ಕೈಲಿ ದನ ಕೂಗುಸ್ತೀಯಾ?"

ಎಲ್ಲರೂ ನಕ್ಕರು. ನಾಲ್ಕು ವರ್ಷದ ಬಾಕಿ, ಅವರು ನಗಬೇಕಾದ್ದೇ.

ಶೋ ಮಾಡಿಸುವ ಹುಡುಗಿ ಪ್ರಿಯಂವದಾ, ಕಿವಿಗೆ ಏನೋ ಸಿಕ್ಕಿಸಿಕೊಂಡಿದ್ದಳು. ಮರ್ಯಾದೆಯಿಂದಲೇ ಮಾತಾಡಿದಳು. "ಸರ್, ಬಾಗಿಲಿಂದ ನಿಧಾನಕ್ಕೆ ಬನ್ನಿ. ತಂಗಿಯವರನ್ನು ನೋಡಿ ನಿಲ್ಲಿ. ಆಮೇಲೆ ಬಾಗಿನ ಕೊಡಿ. ಅಳು ಬಂದರೆ ತಡೀಬೇಡಿ."

ಹೆಗಲ ಮೇಲೆ ಟವೆಲು ಹಾಕಿಕೊಂಡು ಒಳಗೆ ಹೋದೆ. ರುದ್ರಿ ನಡುಮನೆಯಲ್ಲಿ ನಿಂತಿದ್ದಳು. ಕಿವಿಯ ಹತ್ತಿರ ಕೂದಲು ಬೆಳ್ಳಗಾಗಿತ್ತು. ನಾನು ನೋಡಿರಲಿಲ್ಲ. ಲೈಟು, ಕ್ಯಾಮರಾ, ಬೇಲಿಯ ಜನ ಎಲ್ಲ ಮರೆತುಹೋಯಿತು. ಮೊರ ಚಾಚಿದೆ. ಅವಳು ಸೆರಗು ಮುಂದೆ ತಂದು, ಸೆರಗಿನ ಒಳಗಿಂದ ಎರಡೂ ಕೈ ಒಡ್ಡಿ ಈಸಿಕೊಂಡಳು. ಮೊರದ ತೂಕ ಅವಳ ಕೈಗೆ ಇಳಿಯಿತು. ಸಣ್ಣಗೆ, ನನಗೊಬ್ಬನಿಗೇ ಅನ್ನುವ ಹಾಗೆ ಹೇಳಿದಳು.

"ಭಾರ ಅದೆ ಕಣಣ್ಣ."

ಅಷ್ಟೇ. ಆ ಕ್ಷಣಕ್ಕೆ ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಹೋಯಿತು.

"ಕಟ್," ಅಂದಳು ಪ್ರಿಯಂವದಾ. "ಸರ್, ಟ್ರ್ಯಾಕ್ಟರ್ ಸೌಂಡು ಬಂತು. ಇಬ್ಬರದೂ ಎಮೋಷನ್ ಸಾಲಲಿಲ್ಲ. ಬಾಗಿನ ವಾಪಸ್ ತಗೊಂಡು ಬಾಗಿಲಿಂದ ಬನ್ನಿ. ಆ ಟವೆಲ್ ತೆಗೆದುಬಿಡಿ. ಮೇಡಂ, ನೀವು ಅದೇ ಮಾತು ಇನ್ನೊಂದು ಸಲ, ಜೋರಾಗಿ."

ರುದ್ರಿ ಅವಳ ಕಡೆ ನೋಡಲಿಲ್ಲ. ನನ್ನ ಮುಖವನ್ನೇ ನೋಡಿದಳು.

ಆಗ ನನ್ನ ತಲೆಯಲ್ಲಿ ಇದ್ದದ್ದು ಏನು ಅಂತ ಇಲ್ಲಿ ಬರೆಯಲೇಬೇಕು. ಅವ್ವ ಇರಲಿಲ್ಲ, ಋಣ ಇರಲಿಲ್ಲ. ಹನ್ನೊಂದು ವರ್ಷ ಇಂಥದ್ದನ್ನೇ ನೋಡಿ ನೋಡಿ ಪಳಗಿದ ಕಣ್ಣು ನನ್ನದು. ಹೌದು, ಹುಡುಗಿ ಹೇಳಿದ್ದು ಸರಿ, ಸಪ್ಪೆಯಾಯಿತು, ನೋಡುವವರಿಗೆ ಸಾಲದು ಅನ್ನಿಸಿತು. ಟವೆಲು ತೆಗೆದು ಕುಮಾರನ ಕೈಗೆ ಕೊಟ್ಟೆ. ಮೊರಕ್ಕೆ ಕೈ ಹಾಕಿದೆ.

ಅವಳು ಬಿಡಲಿಲ್ಲ. ಸೆರಗಿನೊಳಗೆ ಅವಳ ಬೆರಳು ಬಿಗಿಯಾಗಿತ್ತು. ಅವಳಿಗೆ ತಿಳಿಯಲಿಲ್ಲವೇನೋ ಅಂತ, "ಕೊಡವ್ವ, ಇನ್ನೊಂದ್ಸಲ ಅಂತೆ" ಅಂದೆ. ಸ್ವಲ್ಪ ಎಳೆದೆ. ಬೆರಳು ಬಿಟ್ಟಿತು.

ಎರಡನೇ ಸಲ ಬಾಗಿಲಿಂದ ಬಂದೆ, ನಿಂತೆ, ಕೊಟ್ಟೆ. ಅವಳು ಜೋರಾಗಿ, ಪಾಠ ಒಪ್ಪಿಸುವ ಹಾಗೆ, "ಭಾರ ಅದೆ ಕಣಣ್ಣ" ಅಂದಳು. ಅವಳ ಕಣ್ಣಿಂದ ನೀರು ಧಾರಾಕಾರ ಇಳಿಯಿತು. "ಸೂಪರ್!" ಅಂದರು. ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು, ಮುಠ್ಠಾಳ, ಅದು ಸಂತೋಷದ ಕಣ್ಣೀರು ಅಂತ ತಿಳಿದು ಅವಳ ತಲೆ ಸವರಿದೆ.

ಗೌರಿ ಹಬ್ಬದ ಹಿಂದಿನ ಸಂಜೆ ಎಪಿಸೋಡು ಬಂತು. ಕೇರಿಯವರೆಲ್ಲ ನಮ್ಮ ಮನೆಯಲ್ಲೇ ಕೂತಿದ್ದರು. ಟೀವಿಯಲ್ಲಿ ನಾನು ಬಾಗಿಲಿಂದ ಬಂದೆ. ಹೆಗಲ ಮೇಲೆ ಟವೆಲಿತ್ತು.

ಅವರು ಹಾಕಿದ್ದು ಮೊದಲನೆಯದು. ಟ್ರ್ಯಾಕ್ಟರ್ ಸದ್ದಿನ ಮೇಲೆ ಕೊಳಲು ಬಾರಿಸಿ, ಅವಳ ಮಾತನ್ನು ಕೆಳಗೆ ಅಕ್ಷರದಲ್ಲಿ ಬರೆದಿದ್ದರು. ಎರಡನೆಯದರಲ್ಲಿ ಇಟ್ಟುಕೊಂಡದ್ದು ಅವಳ ಕಣ್ಣೀರು ಮಾತ್ರ, ಕೊನೆಯಲ್ಲಿ ಅಂಟಿಸಲು. ಪಕ್ಕದ ಮನೆಯವಳು ಸೆರಗಲ್ಲಿ ಮೂಗು ಒರೆಸಿಕೊಂಡಳು. ಚಕ್ರಪಾಣಿ ಮೇಷ್ಟ್ರು ಫೋನ್ ಮಾಡಿ, "ಈ ವಾರ ಇದರ ಮೇಲೇ ಬರೀತೀರಲ್ಲ?" ಅಂದರು. ಫೋನ್ ಇಟ್ಟುಬಿಟ್ಟೆ.

ಬೆಳಿಗ್ಗೆ ಎದ್ದು ಹೊಸ ಜೋಡಿ ಮೊರ ಕಟ್ಟಿಸಿಕೊಂಡು ಮೊದಲ ಬಸ್ಸಿಗೆ ಹದಿನಾರಿಗೆ ಹೋದೆ. ರುದ್ರಿ ಬಾಗಿಲಿಗೆ ಬಂದಳು.

"ಕೂತ್ಕೊ. ಕಾಪಿ ಕುಡಿ," ಅಂದಳು. ನೆಂಟರಿಗೆ ಅನ್ನುವ ಹಾಗೆ.

ಕೂತೆ. ಗೋಡೆಯ ಹಲಗೆ ಮೇಲೆ ಮಿಕ್ಸಿ ಡಬ್ಬ ಇತ್ತು. ನಾಲ್ಕು ವರ್ಷದ ಧೂಳು, ಅಂಟಿಸಿದ ಟೇಪು ಹಾಗೇ ಇತ್ತು. ಅದರ ಮೇಲೆ ಮೊನ್ನೆಯ ಬಾಗಿನ, ದಾರ ಬಿಚ್ಚದೆ.

"ಯಾಕವ್ವ, ಬಿಚ್ಚೇ ಇಲ್ಲ?"

"ಯಾವ್ದ ಬಿಚ್ಚನ? ಎರಡೂ ಟೀವಿಯೋರ್ ಕೊಟ್ಟಿದ್ದೇ."

ಕೈಯಲ್ಲಿದ್ದ ಮೊರ ಮುಂದೆ ಚಾಚಿದೆ. "ಇದು ನಾನೇ ತಂದಿದ್ದು ಕಣೆ ರುದ್ರಿ."

"ಅವತ್ತೂ ನೀನೇ ತಂದಿದ್ದೆ," ಅಂದಳು. ಸಿಟ್ಟಿರಲಿಲ್ಲ, ಇದ್ದಿದ್ದರೆ ನನಗೆ ಸುಲಭವಾಗುತ್ತಿತ್ತು. "ನೀನ್ ಕೊಟ್ಟೆ, ನಾನ್ ಈಸ್ಕಂಡೆ. ನಾಕ್ ವರ್ಸದ್ದು ಅಲ್ಲಿಗೇ ಮುಗ್ದೋಗಿತ್ತು ಕಣಣ್ಣ. ಆ ಹುಡ್ಗಿ ವಾಪಸ್ ತಗಳಿ ಅಂದ್ಲು. ಅವ್ಳಿಗೇನ್ ಗೊತ್ತು, ಪಾಪ. ನಾನ್ ನಿನ್ ಮೊಕ ನೋಡ್ತಿದ್ದೆ. ಫ್ಯಾಕ್ಟ್ರಿ ಮ್ಯಾನೇಜರ್‌ಗೆ ಬೈತೀಯ, ಚಾನಲ್‌ನೋರ್ಗೆ ಬೈತೀಯ, ಹಸು ಕೂಗು ಕೂಗಿದ್ ತಂಗಿಗೂ ಬೈದೆ. ಅವತ್ತೊಂದಿನ ನಿನ್ ಬಾಯಿ ಯಾಕ್ ಬರ್ನಿಲ್ಲ?"

ಕುಮಾರ ಒಳಗಿಂದ, "ಹಬ್ಬದ ದಿನ ಬುಡಮ್ಮಿ ಅತ್ಲಾಗೆ" ಅಂದ. ಅವಳು ಕೇಳಿಸಿಕೊಳ್ಳಲಿಲ್ಲ. ಲೋಟ ನನ್ನ ಮುಂದೆ ಇಟ್ಟು ಹಸುವಿಗೆ ನೀರು ತೋರಿಸಲು ಹಿತ್ತಲಿಗೆ ಹೋದಳು. ನಾನು ಕಾಪಿ ಮುಗಿಸುವವರೆಗೂ ಬರಲಿಲ್ಲ. ಮೊರವನ್ನು ಅಲ್ಲೇ ಬಿಟ್ಟು ಬರಬಹುದಿತ್ತು. ಆದರೆ ಅದು ಕೈಗೆ ಕೊಡುವ ವಸ್ತು, ನೆಲದ ಮೇಲೆ ಬಿಟ್ಟು ಬರುವಂಥದ್ದಲ್ಲ. ಎತ್ತಿಕೊಂಡು ಹೊರಟೆ.

ನಂಜನಗೂಡಿನ ಬಸ್ಸು ಹತ್ತಿ ಮೊರವನ್ನು ತೊಡೆ ಮೇಲೆ ಇಟ್ಟುಕೊಂಡು ಕೂತೆ. ಪಕ್ಕದ ಸೀಟಿನ ಹೆಂಗಸು ಎರಡು ಸಲ ತಿರುಗಿ ನೋಡಿದಳು.

"ನೀವೇ ಅಲ್ವಾ ಸಾ, ನೆನ್ನೆ ಟೀವೀಲಿ ಬಂದಿದ್ದು? ಅಯ್ಯೋ, ನಮ್ಮನೇಲಿ ಎಲ್ಲಾ ಅತ್ಬುಟ್ವಿ ಕಣ್ರೀ. ನಂಗೂ ಒಬ್ಬ ಅವ್ನೆ ಅಣ್ಣ, ಫೋನೂ ಮಾಡಲ್ಲ. ಪಡೆದಿದ್ದರೆ ಇಂಥ ಅಣ್ಣನ್ ಪಡೀಬೇಕು." ಮೊರದ ಕಡೆ ಕೈ ತೋರಿಸಿದಳು. "ತಂಗಿಗೇ ಒಯ್ತಿದ್ದೀರಾ?"

ಬಸ್ಸು ಆಗಲೇ ಹದಿನಾರು ದಾಟಿ ಎರಡು ಸ್ಟಾಪು ಬಂದಿತ್ತು.

"ಹೂಂ," ಅಂದೆ.